ವಿಮಾನಕ್ಕೆ ಕಾಣೋದು ಮೇಲಿನ ಒಂದಡಿ ಮಣ್ಣು

ನೆಲದಿಂದ ಹೊಮ್ಮೋ ಗಾಮಾ ಕಿರಣಗಳನ್ನ ವಿಮಾನದಿಂದ ಅಳೆದು ಮಾಡಿದ ಗಾಮಾ ನಕ್ಷೆಯಲ್ಲಿ ಪೊಟ್ಯಾಸಿಯಂ ಜಾಸ್ತಿ ಅಂತ ಕಂಡ ತಕ್ಷಣ "ಈ ಹೊಲಕ್ಕೆ ಪೊಟ್ಯಾಷ್ ಗೊಬ್ಬರ ಬೇಡ" ಅಂದುಬಿಡಬೇಡಿ. ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರಿನ ಮೇಲಿನ 20 ಸೆಂಟಿಮೀಟರ್ ಮಣ್ಣು ಸುಮಾರು 2,800 ಟನ್ ತೂಗುತ್ತೆ. ಅದಕ್ಕೆ ಎರಡು ಚೀಲ, ಅಂದ್ರೆ 100 ಕೆಜಿ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ) ಹಾಕಿದ್ರೆ ಸೇರೋ ಪೊಟ್ಯಾಸಿಯಂ ಸುಮಾರು 50 ಕೆಜಿ. ಶೇಕಡಾ 0.002 ಅಷ್ಟೇ. ಗ್ರಾನೈಟ್ ಕರಗಿ ಆದ ಮಣ್ಣಲ್ಲಿ ಆಗಲೇ ಶೇ. 2ರಷ್ಟು ಪೊಟ್ಯಾಸಿಯಂ ಇರಬಹುದು; ಆದ್ರೆ ಅದರ ಬಹುಪಾಲು ಫೆಲ್ಡ್‌ಸ್ಪಾರ್ ಹರಳಿನೊಳಗೆ ಸಿಕ್ಕಿಕೊಂಡಿದೆ. ವಿಮಾನ ಅಳೆಯೋದು ಆ ಒಟ್ಟು ಮೊತ್ತ. ರಾಗಿ ಬೇರಿಗೆ ದಕ್ಕೋದು ಅದರಲ್ಲಿ ಒಂದು ಚೂರು. ಗೊಬ್ಬರದ ಮಾತು ಮಣ್ಣು ಪರೀಕ್ಷೆಗೇ ಬಿಡಿ.

ಹಾಗಿದ್ರೆ ಈ ನಕ್ಷೆ ಯಾವುದಕ್ಕೆ? ಮಣ್ಣು ಎಷ್ಟು ಆಳ, ಎಷ್ಟು ಸವೆದಿದೆ ಅಂತ ತಿಳಿಯೋಕೆ. ಬಂಡೆ ಕರಗುವಾಗ ಪೊಟ್ಯಾಸಿಯಂ ನೀರಿನ ಜೊತೆ ಹೋಗುತ್ತೆ, ಥೋರಿಯಂ ಜೇಡಿ ಮತ್ತು ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡು ಉಳಿಯುತ್ತೆ. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್ ಗುಡ್ಡದ ಬುಡದ ತೆಳು ಗೊರಚಲು ಮಣ್ಣಲ್ಲಿ ಪೊಟ್ಯಾಸಿಯಂ ಎದ್ದು ಕಾಣುತ್ತೆ. ದೇವನಹಳ್ಳಿ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಅದು ಇಳಿದು ಥೋರಿಯಂ ಮೇಲಾಗುತ್ತೆ. ಆದ್ರೆ ಹಳ್ಳದ ತಳಕ್ಕೆ ಹೊಸದಾಗಿ ಕೊಚ್ಚಿಬಂದ ಮರಳಲ್ಲೂ ಪೊಟ್ಯಾಸಿಯಂ ಜಾಸ್ತಿಯೇ. ಇಳಿಜಾರಿನ ನಕ್ಷೆ ಪಕ್ಕದಲ್ಲಿ ಇಟ್ಟುಕೊಳ್ಳದೆ ಓದಿದ್ರೆ ಆಳದ ಮಣ್ಣನ್ನ ತೆಳು ಅಂತ ಬರೆದುಬಿಡ್ತೀರಿ.

ಗಾಮಾ ಅಳೆಯೋ ಯಂತ್ರ ಅಂದ್ರೆ ಸೋಡಿಯಂ ಅಯೋಡೈಡ್ ಹರಳುಗಳ ಪೆಟ್ಟಿಗೆ. ಒಂದೊಂದು ಹರಳು 4.2 ಲೀಟರ್, ಎಂಟು ಸೇರಿದ್ರೆ 33.6. ಯಾವ ಧಾತು ಅಂತ ಕಿರಣದ ಶಕ್ತಿಯಿಂದ ಗೊತ್ತಾಗುತ್ತೆ: ಪೊಟ್ಯಾಸಿಯಂ ಗುರುತು 1.46 ಎಂಇವಿ (ಶಕ್ತಿಯ ಅಳತೆ), ಯುರೇನಿಯಂ ಸರಣಿಯದು 1.76, ಥೋರಿಯಂ ಸರಣಿಯದು 2.61. ಸೆಕೆಂಡಿಗೊಂದು ಅಳತೆ, ಅಷ್ಟರಲ್ಲಿ ವಿಮಾನ 60 ಮೀಟರ್ ಮುಂದೆ ಹೋಗಿರುತ್ತೆ. ಎಣಿಕೆಯ ಬಹುಪಾಲು ಮೇಲಿನ 30-40 ಸೆಂಟಿಮೀಟರಿನದು. 80 ಮೀಟರ್ ಎತ್ತರದಿಂದ ಒಂದೊಂದು ಅಳತೆಗೂ ನೂರಾರು ಮೀಟರ್ ಅಗಲದ ನೆಲ ಕೂಡಿಕೊಳ್ಳುತ್ತೆ. ಒಂದು ಎಕರೆ ಅಂದ್ರೆ ಬದಿಗೆ 64 ಮೀಟರ್ ಮಾತ್ರ. ಹಾರಾಟದ ಸಾಲುಗಳ ನಡುವೆ 300 ಮೀಟರ್ ಬಿಟ್ಟಿದ್ರೆ, ಸರ್ವೆ ನಂಬರ್ ಮಟ್ಟದಲ್ಲಿ ತೀರ್ಪು ಕೊಡೋದು ರೈತರಿಗೆ ಮಾಡೋ ಮೋಸ.

ಮೂರರಲ್ಲಿ ಹೆಚ್ಚು ಕೈಕೊಡೋದು ಯುರೇನಿಯಂ. ಯುರೇನಿಯಂ ಸರಣಿಯಲ್ಲೇ ಹುಟ್ಟಿ ಗಾಳಿಗೆ ಸೇರೋ ರೇಡಾನ್ ಅನಿಲದಿಂದಲೂ ಅದೇ ಗುರುತು ಬರುತ್ತೆ. ಗಾಳಿ ಆಡದ ಬೆಳಗಿನ ಜಾವ ತಗ್ಗಲ್ಲಿ ರೇಡಾನ್ ಕಟ್ಟಿಕೊಂಡಿದ್ರೆ ನಕ್ಷೆ ತುಂಬ ಹಾರಾಟದ ಸಾಲಿನ ಪಟ್ಟೆಗಳು. ಅದಕ್ಕೇ ಗಾಳಿಯ ರೇಡಾನನ್ನ ಬೇರೆಯಾಗಿ ಅಳೆಯೋಕೆ ಮೇಲ್ಮುಖ ಹರಳು ಬೇಕು, ದಿನಾ ಒಂದೇ ಪರೀಕ್ಷಾ ಸಾಲನ್ನ ಹಾರಬೇಕು. ಮಳೆ ಬಂದ್ರೆ ರೇಡಾನಿನ ಮರಿಗಳು, ಅಂದ್ರೆ ಅದು ಒಡೆದು ಹುಟ್ಟೋ ಧಾತುಗಳು, ನೆಲಕ್ಕಿಳಿದು ಯುರೇನಿಯಂ ಎಣಿಕೆ ಏರಿಸುತ್ವೆ. ನೆನೆದ ಮಣ್ಣು ಉಳಿದದ್ದನ್ನ ತಗ್ಗಿಸುತ್ತೆ, ತೇವ ಶೇ. 10 ಏರಿದ್ರೆ ಎಣಿಕೆ ಹೆಚ್ಚುಕಡಿಮೆ ಶೇ. 10 ಇಳಿಯುತ್ತೆ. ಕೆರೆ ತುಂಬಿದ್ರಂತೂ ಆ ಜಾಗ ಕಪ್ಪು ತೂತು. ನಮ್ಮ ಸೀಮೆಗೆ ಜನವರಿಯಿಂದ ಮಾರ್ಚ್ ಸರಿಯಾದ ಕಾಲ.

ಅದೇ ವಿಮಾನದ ಬಾಲದ ಕೋಲಿನಲ್ಲಿರೋ, ಕಾಂತಕ್ಷೇತ್ರ ಅಳೆಯೋ ಸೀಸಿಯಂ ಮ್ಯಾಗ್ನೆಟೋಮೀಟರ್ ಬೇರೆಯದೇ ಕಥೆ ಹೇಳುತ್ತೆ. ಅದಕ್ಕೆ ಮಣ್ಣು ಅಡ್ಡಿಯಲ್ಲ, ಕೆಳಗಿನ ಬಂಡೆ ಸಿಗುತ್ತೆ. ಬೆಂಗಳೂರಿನ ಕಾಂತಕ್ಷೇತ್ರ ಸುಮಾರು 41,000 ನ್ಯಾನೋಟೆಸ್ಲಾ, ಆದ್ರೆ ಹೆಚ್ಚುಕಡಿಮೆ ಅಡ್ಡ ಮಲಗಿದೆ. ಹಾಗಾಗಿ ಕಾಂತಗುಣದ ಬಂಡೆಯ ನೆತ್ತಿಯ ಮೇಲೆ ಏರು ಬರೋ ಬದಲು ತಗ್ಗು ಬರುತ್ತೆ. ಪೂರ್ವ-ಪಶ್ಚಿಮಕ್ಕೆ ಹಾಯ್ದಿರೋ ನಮ್ಮ ಡಾಲರೈಟ್ ಡೈಕುಗಳು, ಅಂದ್ರೆ ಬಂಡೆಯ ಬಿರುಕಿಗೆ ನುಗ್ಗಿ ಗೋಡೆಯ ಹಾಗೆ ಗಟ್ಟಿಯಾದ ಸುಮಾರು 237 ಕೋಟಿ ವರ್ಷ ಹಳೆಯ ಕರಿಕಲ್ಲು, ಗೆರೆ ಎಳೆದ ಹಾಗೆ ಕಾಣುತ್ವೆ. ಅದೇ ಕಲ್ಲು ಉತ್ತರ-ದಕ್ಷಿಣಕ್ಕೆ ಮಲಗಿದ್ರೆ ತುದಿಗಳು ಮಾತ್ರ ಮಿನುಗಿ ನಡುವೆ ಮಂಕು. ನಕ್ಷೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ನೆಲದಲ್ಲಿ ಇಲ್ಲ ಅನ್ನಬಾರದು. ಕಾಂತಕ್ಷೇತ್ರ ಧ್ರುವದಲ್ಲಿರೋ ಹಾಗೆ ನೆಟ್ಟಗಿದ್ದಿದ್ರೆ ನಕ್ಷೆ ಹೇಗಿರುತ್ತಿತ್ತು ಅಂತ ತಿರುಗಿಸೋ ಲೆಕ್ಕವನ್ನ ಇಲ್ಲಿ ಕಣ್ಣುಮುಚ್ಚಿ ಹಾಕಿದ್ರೆ ಉತ್ತರ-ದಕ್ಷಿಣದ ಸುಳ್ಳು ಗೆರೆಗಳು ಹುಟ್ಟುತ್ವೆ. ಇನ್ನು ಬೇಸ್ ಸ್ಟೇಷನ್, ಅಂದ್ರೆ ದಿನದ ಏರಿಳಿತ ಅಳೆಯೋಕೆ ನೆಲದ ಮೇಲಿಡೋ ಮ್ಯಾಗ್ನೆಟೋಮೀಟರ್, ಮೆಟ್ರೋ ಹತ್ತಿರ ಬೇಡವೇ ಬೇಡ. 750 ವೋಲ್ಟ್ ಡಿಸಿ ಕರೆಂಟು ಆ ದಿನದ ತಿದ್ದುಪಡಿಯನ್ನೇ ಕೆಡಿಸುತ್ತೆ.

ಬೋರ್‌ವೆಲ್ ಬಿಂದು ಹುಡುಕೋರಿಗೆ ಇದರ ಬೆಲೆ ದೊಡ್ಡದು. ಮ್ಯಾಗ್ನೆಟಿಕ್ ನಕ್ಷೆ ನೀರು ತೋರಿಸಲ್ಲ, ನೀರಿನ ಹರಿವಿಗೆ ಅಡ್ಡಗೋಡೆ ಆಗಬಹುದಾದ ಡೈಕು ಎಲ್ಲಿದೆ ಅಂತ ತೋರಿಸುತ್ತೆ.

ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ವೈಮಾನಿಕ ಸರ್ವೆ ವಿಭಾಗ ಬೆಂಗಳೂರಲ್ಲೇ ಇದೆ, ಮಣ್ಣು ಸರ್ವೆಯವರ ಪ್ರಾದೇಶಿಕ ಕೇಂದ್ರ ಹೆಬ್ಬಾಳದಲ್ಲಿದೆ. ಖನಿಜಕ್ಕಾಗಿ ಹಾರಿದ ದತ್ತಾಂಶ ಮಣ್ಣಿನವರ ಮೇಜಿಗೂ ಬರಲೇಬೇಕು. ಒಂದೊಂದು ಧಾತುವಿಗೆ ಒಂದೊಂದರಂತೆ ಮೂರು ಬಣ್ಣ ಬೆರೆಸಿದ ಚಿತ್ರ ಸಾಲದು. ಪ್ರತಿ ಧಾತುವಿನ ಗ್ರಿಡ್, ಹಾರಿದ ದಿನಾಂಕ, ನೆಲದಿಂದ ಎತ್ತರ, ರೇಡಾನ್ ತಿದ್ದಿದ ವಿಧಾನ, ಎಲ್ಲ ಜೊತೆಗೆ ಕೊಡಿ. ಆಮೇಲೆ ಒಂದೊಂದು ಬಣ್ಣದ ಮಚ್ಚೆಯೊಳಗೂ ಮಣ್ಣು ಕೊರೆಯೋ ಆಗರ್ ಇಳಿಸಿ, ಎಷ್ಟು ಆಳಕ್ಕೆ ಕಲ್ಲು ತಾಗಿತು ಅಂತ ಬರೆದುಕೊಳ್ಳಿ.