ಸತ್ತ ಮೇಲೆ ಸಿಕ್ಕ ಪೌರತ್ವ

[ಪರದೆ: ದಕ್ಷಿಣ ಇರಾಕ್ ನಕ್ಷೆ, ಉಮ್ ಕಸ್ರ್ ಬಂದರು]

ನಮಸ್ಕಾರ. 2003ರ ಮಾರ್ಚ್ 21. ಇರಾಕ್ ಯುದ್ಧ ಆಗಷ್ಟೇ ಶುರುವಾಗಿತ್ತು. ಉಮ್ ಕಸ್ರ್ ಹತ್ತಿರ ಅಮೆರಿಕದ ಮರೀನ್ ಪಡೆಯ ಒಬ್ಬ ಸೈನಿಕ ಗುಂಡು ತಗುಲಿ ಸತ್ತ. ಹೆಸರು ಹೋಸೆ ಆಂಟೋನಿಯೊ ಗುಟಿಯೆರೆಸ್. ಅಮೆರಿಕ ಆ ಯುದ್ಧದಲ್ಲಿ ಮೊದಮೊದಲು ಕಳೆದುಕೊಂಡವರಲ್ಲಿ ಒಬ್ಬ. ಅಂದ ಹಾಗೆ, ಅವನು ಅಮೆರಿಕದ ಪ್ರಜೆಯೇ ಅಲ್ಲ.

[ಪರದೆ: ಗ್ವಾಟೆಮಾಲಾದಿಂದ ಲಾಸ್ ಏಂಜಲೀಸ್‌ವರೆಗೆ ಗೆರೆ]

ಹುಟ್ಟಿದ್ದು ಗ್ವಾಟೆಮಾಲಾದಲ್ಲಿ. 1960ರಿಂದ 1996ರವರೆಗೆ ಅಂತರ್ಯುದ್ಧದಲ್ಲಿ ಬೆಂದ ದೇಶ ಅದು. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ಹೋದರು. ರಾಜಧಾನಿಯ ಬೀದಿಯೇ ಮನೆಯಾಯಿತು. ಆಮೇಲೆ 'ಕಾಸಾ ಅಲಿಯಾನ್ಸಾ' ಅನ್ನೋ ಬೀದಿಮಕ್ಕಳ ಆಶ್ರಯಧಾಮ ನೋಡಿಕೊಂಡಿತು. ಕೊನೆಗೆ ಗೂಡ್ಸ್ ರೈಲು ಹತ್ತಿ ಮೆಕ್ಸಿಕೊ ದಾಟಿದ. ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲ.

ಅಮೆರಿಕ ಸೇರಿದಾಗ ಒಂದು ಸುಳ್ಳು ಹೇಳಿದ. ವಯಸ್ಸು ಇಳಿಸಿ, ನಾನಿನ್ನೂ ಹುಡುಗ ಅಂದ. ಸುಮ್ನೆ ಹೇಳಿದ್ದಲ್ಲ. ದೊಡ್ಡವರಾದರೆ ವಾಪಸ್ ಕಳಿಸುತ್ತಾರೆ. ದಿಕ್ಕಿಲ್ಲದ ಮಗು ಅಂತಾದರೆ ಸಾಕುಮನೆ ಸಿಗುತ್ತದೆ, ಮುಂದೆ ಗ್ರೀನ್ ಕಾರ್ಡೂ ಸಿಗಬಹುದು. ಗ್ರೀನ್ ಕಾರ್ಡ್ ಬೆಲೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ? ಈ ಸುಳ್ಳನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಲಾಸ್ ಏಂಜಲೀಸ್ ಕಡೆಯ ಸಾಕುಮನೆಗಳಲ್ಲಿ ಇದ್ದು ಕಾಲೇಜಿಗೆ ಹೋದ. ಆರ್ಕಿಟೆಕ್ಟ್ ಆಗುವ ಆಸೆ. 2002ರಲ್ಲಿ ಮರೀನ್ ಸೇರಿದ. ಅಮೆರಿಕದ ಸೇನೆ ಸೇರಲು ಪೌರತ್ವವೇ ಬೇಕೆಂದಿಲ್ಲ, ಗ್ರೀನ್ ಕಾರ್ಡ್ ಸಾಕು. ಅದೇ ವರ್ಷ ಜುಲೈನಲ್ಲಿ ಅಧ್ಯಕ್ಷ ಬುಷ್, ಇಂಥ ಸೈನಿಕರಿಗೆ ಪೌರತ್ವ ಬೇಗ ಸಿಗಲಿ ಎಂದು ಆದೇಶ ಹೊರಡಿಸಿದ್ದರು. ಗುಟಿಯೆರೆಸ್‌ಗೆ ಅದು ಕೈಗೆ ಬರುವ ಮೊದಲೇ ಯುದ್ಧ ಬಂತು. ಅವನಿಗೆ ತಗುಲಿದ್ದು ಶತ್ರುವಿನ ಗುಂಡು ಎಂದೇ ಮೊದಲು ಸುದ್ದಿಯಾಗಿತ್ತು. ತನ್ನ ಕಡೆಯವರದೇ ಗುಂಡು ಎಂದು ಆಮೇಲೆ ಗೊತ್ತಾಯಿತು.

[ಪರದೆ: ಅಮೆರಿಕದ ಬಾವುಟ ಹೊದಿಸಿದ ಶವಪೆಟ್ಟಿಗೆ]

ಏಪ್ರಿಲ್ ಮೊದಲ ವಾರದಲ್ಲಿ ಪೌರತ್ವ ಕೊಟ್ಟರು. ಸತ್ತ ದಿನದಿಂದ ಅನ್ವಯ! ಹೀಗೆ ಅಮೆರಿಕನ್ ಆದವನು ಊರಿಗೆ ಮರಳಿದ. ಗ್ವಾಟೆಮಾಲಾ ನಗರದಲ್ಲೇ ಮಣ್ಣು ಮಾಡಿದರು.

ಆಗ ಇಂಥ ಪೌರತ್ವ ಬರೀ ಗೌರವಕ್ಕೆ. ಮನೆಯವರಿಗೆ ಏನೂ ಸಿಗುತ್ತಿರಲಿಲ್ಲ. 2003ರ ನವೆಂಬರ್‌ನಲ್ಲಿ ಕಾನೂನು ಬದಲಾಯಿತು: ಸತ್ತ ಸೈನಿಕನ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿಗೆ ವಲಸೆಯ ಹಕ್ಕು. ಒಡಹುಟ್ಟಿದವರು ಆ ಪಟ್ಟಿಯಲ್ಲಿಲ್ಲ. ಗುಟಿಯೆರೆಸ್‌ಗೆ ಇದ್ದದ್ದು ಸೋದರಿ.