ಡ್ರಿಲ್ ತುದಿಗೆ ನೀರು ಮುಟ್ಟಿತಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಕೊರೆಯೋದು ಅಂದರೆ ಮೊದಲು ನೆನಪಾಗೋದು ಬೋರ್‌ವೆಲ್. ಅವರು ನೀರು ಮೇಲೆ ಬರಲಿ ಅಂತ ಕಾಯ್ತಾರೆ. ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಕೂರಿಸೋ ಟೈಟಾನಿಯಂ ಸ್ಕ್ರೂ) ಹಾಕೋಕೆ ದವಡೆ ಕೊರೆಯೋ ದಂತವೈದ್ಯರಾದ ನಾವು, ಡ್ರಿಲ್ ತಣ್ಣಗಿಡೋ ನೀರು ಕೆಳಗಿಳಿಯಲಿ ಅಂತ ಕಾಯಬೇಕು. ಕಾಯ್ತಿಲ್ಲ, ನನ್ನ ತಕರಾರು ಅದೇ.

ಒಸಡು ಬಿಡಿಸಿ ಹಾಕೋದಾ, ಬಿಡಿಸದೆ ಹಾಕೋದಾ, ಗೈಡ್ (ಡ್ರಿಲ್‌ಗೆ ದಾರಿ ತೋರಿಸೋ ಪ್ಲಾಸ್ಟಿಕ್ ಅಚ್ಚು) ಇಟ್ಟು ಹಾಕೋದಾ ಅನ್ನೋ ಚರ್ಚೆಯೆಲ್ಲ ಯಾವುದು ನಿಖರ ಅನ್ನೋದಕ್ಕೇ ಬಂದು ನಿಲ್ಲುತ್ತೆ. ಯಾವುದರಲ್ಲಿ ಮೂಳೆ ತಣ್ಣಗಿರುತ್ತೆ ಅಂತ ಕೇಳೋರು ಕಮ್ಮಿ. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಕೊಟ್ಟ ಗಡಿ ನಿಮಗೆ ಗೊತ್ತೇ ಇದೆ: 47 ಡಿಗ್ರಿ ಸೆಲ್ಸಿಯಸ್, 1 ನಿಮಿಷ; ಅದು ಮೀರಿದರೆ ಮೂಳೆಗೆ ಹಾನಿ. ಹೊರಗೆ ನೀವು ಈಗ ಕುಡಿದು ಬಂದ ಕಾಫಿ ಅದಕ್ಕಿಂತ ಬಿಸಿ ಇತ್ತು.

ಇಂಪ್ಲಾಂಟ್ ಶುರು ಮಾಡಿದ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಕಥೆಯನ್ನು ಇಲ್ಲಿ ಹೇಳಲೇಬೇಕು. ಅವರು ಹಲ್ಲು ಹುಡುಕಿ ಹೊರಟವರಲ್ಲ. 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯೋದನ್ನು ನೋಡೋಕೆ ಟೈಟಾನಿಯಂ ಚೇಂಬರ್ ಕೂರಿಸಿದ್ದರು. ದುಬಾರಿ ಸಾಮಾನು, ತೆಗೆದು ಇನ್ನೊಂದು ಮೊಲಕ್ಕೆ ಹಾಕಬೇಕು. ತೆಗೆಯೋಕೆ ಹೋದರೆ ಬರಲೇ ಇಲ್ಲ! ಮೂಳೆ ಹಿಡಿದುಕೊಂಡಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಅನ್ನುವವರ ದವಡೆಗೆ ಮೊದಲ ಇಂಪ್ಲಾಂಟ್ ಹಾಕಿದರು. ಆತ ನಾಲ್ಕು ದಶಕ ಅದರಲ್ಲೇ ಊಟ ಮಾಡಿದರು. ಆಗ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಇರಲಿಲ್ಲ, ಗೈಡ್ ಇರಲಿಲ್ಲ. ಮೆತ್ತನೆ ಕೈ ಇತ್ತು, ಧಾರಾಳ ಸಲೈನ್ ಇತ್ತು, 3ರಿಂದ 6 ತಿಂಗಳು ಕಾಯೋ ತಾಳ್ಮೆ ಇತ್ತು.

ಫ್ಲಾಪ್ ಎತ್ತಿದಾಗ, ಅಂದರೆ ಒಸಡು ಬಿಡಿಸಿದಾಗ, ಮೂಳೆಯ ಅಗಲ ಕಣ್ಣಿಗೆ ಕಾಣುತ್ತೆ, ನೀರು ನೇರ ಬೀಳುತ್ತೆ. ಮೊದಲ ತೂತಿಗೆ 2 ಮಿಲಿಮೀಟರ್ ಪೈಲಟ್ ಡ್ರಿಲ್, 800ರಿಂದ 1200 ಆರ್‌ಪಿಎಂ. ದಿಕ್ಕು ನೋಡೋಕೆ ತೂತಲ್ಲಿ ಪಿನ್ ಇಟ್ಟು ಎಕ್ಸ್‌ರೇ. ಆಮೇಲೆ ಒಂದೊಂದೇ ಸೈಜ್ ಹೆಚ್ಚಿಸುತ್ತಾ, ಪ್ರತಿ ಸಲ ಡ್ರಿಲ್ಲನ್ನು ಪೂರ್ತಿ ಮೇಲೆ ತಂದು ಇಳಿಸಿ. ಒಳಗೇ ತಿರುಗಿಸುತ್ತಾ ನಿಂತರೆ ಡ್ರಿಲ್ಲಿನ ತೋಡಿನಲ್ಲಿ ಮೂಳೆ ಪುಡಿ ಕಟ್ಟಿಕೊಂಡು ನೀರಿಗೆ ದಾರಿ ಮುಚ್ಚುತ್ತೆ. ಇಂಪ್ಲಾಂಟ್ ಮಾತ್ರ 25 ಆರ್‌ಪಿಎಂ ಸುತ್ತಮುತ್ತ. ಕೆಳದವಡೆಯ ಮುಂಭಾಗದ ಗಟ್ಟಿ ಮೂಳೆಯಲ್ಲಿ ಟಾರ್ಕ್ (ಬಿಗಿಸೋ ಬಲ) 70 ನ್ಯೂಟನ್ ಸೆಂಟಿಮೀಟರ್ ಬಂತು ಅಂತ ಫೋಟೊ ಹಾಕೋರಿದ್ದಾರೆ. ಅದು ಖುಷಿಪಡೋ ವಿಷಯವಲ್ಲ. ಹಿಂದಕ್ಕೆ ತಿರುಗಿಸಿ ತೆಗೆದು, ಟ್ಯಾಪ್ ಮಾಡಿ (ಮೂಳೆಯಲ್ಲಿ ಸ್ಕ್ರೂ ಗೆರೆ ಕೊರೆದು) ಮತ್ತೆ ಹಾಕಿ. ಮೇಲ್ದವಡೆಯ ಹಿಂಭಾಗದಲ್ಲಿ ಇದರ ತದ್ವಿರುದ್ಧ: ಮೂಳೆ ಸ್ಪಾಂಜು, ಕೊನೆಯ ಡ್ರಿಲ್ ಬಿಟ್ಟುಬಿಡಿ, ಹಿಡಿತ ಸಿಗುತ್ತೆ.

ಫ್ಲಾಪ್‌ಲೆಸ್‌ನಲ್ಲಿ (ಒಸಡು ಬಿಡಿಸದೆ ಹಾಕೋದರಲ್ಲಿ) ಊತ ಕಮ್ಮಿ, ಹೊಲಿಗೆ ಇಲ್ಲ, ಪೇಷಂಟಿಗೆ ಸಂತೋಷ. ಆದರೆ ಪಂಚ್ (ಒಸಡಲ್ಲಿ ದುಂಡನೆ ತೂತು ಮಾಡೋ ಸಾಧನ) ತೆಗೆಯೋದು ಗಟ್ಟಿ ಒಸಡನ್ನೇ. ಸುತ್ತ 2 ಮಿಲಿಮೀಟರ್ ಉಳಿಯದಿದ್ದರೆ ಪಂಚ್ ಮುಟ್ಟಬೇಡಿ. ಕೆಳದವಡೆಯಲ್ಲಿ ನಾಲಿಗೆ ಬದಿಯ ಕುಳಿ ಕಾಣದೆ ಡ್ರಿಲ್ ಆಚೆ ಹೋದರೆ ಬಾಯಿಯ ತಳದಲ್ಲಿ ರಕ್ತ ತುಂಬಿ ಉಸಿರಾಟಕ್ಕೇ ಕುತ್ತು.

ಇನ್ನು ಗೈಡ್. ಸ್ಲೀವ್ (ಗೈಡಿನ ಕೊಳವೆ) ಒಳಗೆ ಡ್ರಿಲ್, ಹೊರಗೆ ಪ್ಲಾಸ್ಟಿಕ್. ನೀರು ಎಲ್ಲಿ ಬೀಳ್ತಿದೆ? ಪ್ಲಾಸ್ಟಿಕ್ ಮೇಲೆ! ತಣ್ಣಗಾಗ್ತಿರೋದು ಗೈಡು. ಕೆನ್ನೆ ಬದಿಗೆ ಕಿಟಕಿ ಬಿಡಿಸಿ, ಅಸಿಸ್ಟೆಂಟ್ ಕೈಗೆ ತಣ್ಣನೆ ಸಲೈನ್ ಸಿರಿಂಜ್ ಕೊಡಿ. ಗೈಡ್ ಇದ್ದರೂ ಸುಮಾರು 1 ಮಿಲಿಮೀಟರ್, ಮೂರ್ನಾಲ್ಕು ಡಿಗ್ರಿ ಆಚೀಚೆ ಆಗೋದು ಮಾಮೂಲು. ಅದಕ್ಕೇ ನರದ ಕಾಲುವೆಗೆ 2 ಮಿಲಿಮೀಟರ್ ಅಂತರ ಬಿಡೋದು. ಡ್ರಿಲ್ಲಿನ ಮೊನೆ ಗುರುತಿನ ಗೆರೆಗಿಂತ ಆಳಕ್ಕೆ ಹೋಗೋದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಲದ್ದಕ್ಕೆ ಗೈಡ್‌ಗೆ ಬಳಸೋ ಡ್ರಿಲ್ ಹೆಚ್ಚು ಉದ್ದ. ಬಾಯಿ ದೊಡ್ಡದಾಗಿ ತೆರೆಯದವರ ಎರಡನೇ ದವಡೆಹಲ್ಲಿನ ಜಾಗಕ್ಕೆ ಅದು ಹೋಗೋದೇ ಇಲ್ಲ.

ಅಧ್ಯಕ್ಷರು ಗಡಿಯಾರ ತೋರಿಸ್ತಿದ್ದಾರೆ. ಹಲ್ಲು ಕಿತ್ತ ಕೂಡಲೇ ಹಾಕೋದಾದರೆ: ಮೇಲಿನ ಮುಂಭಾಗದಲ್ಲಿ ಅಂಗುಳ ಬದಿಗೆ ಒರಗಿಸಿ, ಇಂಪ್ಲಾಂಟ್‌ನ ಮುಂದಿನ ಸಂದು 2 ಮಿಲಿಮೀಟರ್ ಮೀರಿದರೆ ಗ್ರಾಫ್ಟ್ (ಮೂಳೆ ತುಂಬುವ ವಸ್ತು) ತುಂಬಿ. ಸೈನಸ್ ಲಿಫ್ಟ್ (ಮೇಲ್ದವಡೆಯ ಸೈನಸ್ ತಳ ಎತ್ತೋದು) ಸ್ಲೈಡ್‌ಗಳನ್ನು ಹಾರಿಸ್ತೀನಿ. ಊಟ ಆದಮೇಲೆ ಅಭ್ಯಾಸಕ್ಕೆ ಆಡಿನ ದವಡೆ ಮೇಜಿನ ಮೇಲಿರುತ್ತೆ. ಗೈಡ್ ಇಟ್ಟು ಒಂದು, ಇಡದೆ ಒಂದು ಕೊರೆಯಿರಿ. ಎರಡೂ ಸಲ ಡ್ರಿಲ್ ಹೊರಗೆ ತೆಗೆದು, ತೋಡಿನಲ್ಲಿರೋ ಪುಡಿ ಒದ್ದೆಯೋ ಒಣಗಿದ್ದೋ ಅಂತ ಬೆರಳಲ್ಲಿ ಉಜ್ಜಿ ನೋಡಿ.