ಸಂಚಿಯಲ್ಲಿ ಇರುವುದನ್ನೂ ಹೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಹೃದಯದ ಪರೀಕ್ಷೆಗಳ ಬಗ್ಗೆ ಮಾತಾಡಿ, ಜೊತೆಗೆ ಯೋಗ, ಆಯುರ್ವೇದ, ಮನೆಮದ್ದು ಇವನ್ನೆಲ್ಲ ಹೇಗೆ ಹೊಂದಿಸಿಕೊಳ್ಳಬೇಕು ಅಂತಲೂ ಹೇಳಿ ಅಂತ ಕರೆದಿದ್ದಾರೆ. ಕೊಟ್ಟಿರುವ ಸಮಯ ಕಡಿಮೆ. ಹಾಗಾಗಿ ನಾನು ಹೇಳುವುದು ಒಂದೇ ಮಾತು. ನೀವು ಬಾಯಿಗೆ ಹಾಕಿಕೊಳ್ಳುವ ಪ್ರತಿಯೊಂದನ್ನೂ ನಿಮ್ಮ ಡಾಕ್ಟರಿಗೆ ಹೇಳಿ. ಮಾತ್ರೆ, ಕಷಾಯ, ಚೂರ್ಣ, ಬೇರು, ಟಿವಿ ನೋಡಿ ತರಿಸಿಕೊಂಡ ಡಬ್ಬಿ, ಎಲ್ಲ.

2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಮ್ಮ ಜನ ಎಷ್ಟು ಹೆದರಿದರು ಅಂತ ನಿಮಗೆ ನೆನಪಿದೆ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಉದ್ದುದ್ದ ಸಾಲು. "ಎಲ್ಲಾ ಟೆಸ್ಟೂ ಮಾಡಿಬಿಡಿ ಡಾಕ್ಟ್ರೇ" ಅನ್ನುವವರು ಈಗಲೂ ದಿನಾ ಬರುತ್ತಾರೆ. ಮಾಡೋಣ, ಅದಕ್ಕೇನಂತೆ. ಆದರೆ ನೀವು ಏನೇನು ತಗೊಂಡಿದ್ದೀರಿ ಅಂತ ಇಸಿಜಿ ಯಂತ್ರಕ್ಕೆ ಗೊತ್ತಿರುವುದಿಲ್ಲ. ಅದನ್ನು ನೀವೇ ಹೇಳಬೇಕು.

ಒಬ್ಬರು ಅಮ್ಮನ ಕಥೆ ಹೇಳುತ್ತೇನೆ. ಮಲೆನಾಡಿನ ಕಡೆಯವರು, ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಹೃದಯದ ಬಡಿತ ತಾಳ ತಪ್ಪುತ್ತಿತ್ತು, ಪಂಪಿಂಗೂ ಕಡಿಮೆ. ಅದಕ್ಕೆ ಡಿಜಾಕ್ಸಿನ್ ಕೊಟ್ಟಿದ್ದೆವು. ಕಾಲಿನ ಊತಕ್ಕೆ ಮೂತ್ರ ಜಾಸ್ತಿ ಹೋಗುವ ಮಾತ್ರೆ. ಬಿಪಿಗೂ ಹೃದಯಕ್ಕೂ ಸೇರಿ ರಾಮಿಪ್ರಿಲ್. ಚೆನ್ನಾಗಿಯೇ ಇದ್ದರು. ಒಂದು ದಿನ ಮಗ ಆಟೋದಲ್ಲಿ ಕೂರಿಸಿಕೊಂಡು ಬಂದ. ವಾಂತಿ, ಸುಸ್ತು, ಊಟ ಬೇಡ. "ಗೋಡೆ ಎಲ್ಲ ಹಳದಿ ಹಳದಿಯಾಗಿ ಕಾಣಿಸ್ತಿದೆ" ಅಂದರು. ನಾಡಿ ಹಿಡಿದರೆ ನಿಮಿಷಕ್ಕೆ 42.

ಹಳದಿ ಅಂದ ಕೂಡಲೇ ನನಗೆ ಡಿಜಾಕ್ಸಿನ್ ಮೇಲೆ ಅನುಮಾನ ಬಂತು. ಅದು ಮೈಯಲ್ಲಿ ವಿಷವಾದರೆ ಹಾಗೆ ಕಾಣುವುದುಂಟು. ಆದರೆ ಮಗ ಮಾತ್ರೆ ಎಣಿಸಿ ಕೊಡುತ್ತಿದ್ದ, ಒಂದೂ ಹೆಚ್ಚಿಲ್ಲ. ರಕ್ತ ಪರೀಕ್ಷೆ ಬಂತು. ಪೊಟ್ಯಾಸಿಯಂ 2.8. ಇರಬೇಕಾದದ್ದು 3.5ಕ್ಕಿಂತ ಮೇಲೆ. ಪೊಟ್ಯಾಸಿಯಂ ಇಳಿದರೆ ಅದೇ ಡಿಜಾಕ್ಸಿನ್, ಅಷ್ಟೇ ಅಳತೆಯಲ್ಲಿ, ಹೃದಯವನ್ನು ಜೋರಾಗಿ ಹಿಡಿಯುತ್ತದೆ. ಮೂತ್ರದ ಮಾತ್ರೆ ಪೊಟ್ಯಾಸಿಯಂ ಇಳಿಸುತ್ತದೆ, ಸರಿ. ಆದರೆ ಈ ಪಾಟಿ ಇಳಿಯುವಂಥದ್ದೇನಾಯಿತು? ಬಿಪಿ ಬೇರೆ ಏರಿತ್ತು.

"ಬೇರೆ ಏನಾದರೂ ಔಷಧಿ ತಗೋತಿದ್ದೀರಾ ಅಮ್ಮ?" "ಇಲ್ಲಪ್ಪ." ಮಗನೂ ಇಲ್ಲ ಅಂದ. ಮಾರನೇ ದಿನ ರೌಂಡ್ಸಿಗೆ ಹೋದರೆ, ಹಾಸಿಗೆ ಮೇಲೆ ಕೂತು ಎಲೆಯಡಿಕೆ ಸಂಚಿ ಬಿಚ್ಚಿ ಏನೋ ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ. ನೋಡಿದರೆ ಜ್ಯೇಷ್ಠಮಧು. ಒಂದು ತುಂಡಲ್ಲ, ಸಂಚಿ ತುಂಬ. ಒಣಕೆಮ್ಮು ಬಿಡುತ್ತಲೇ ಇರಲಿಲ್ಲವಂತೆ. ಅದಕ್ಕೆ ತಿಂಗಳುಗಟ್ಟಲೆ ಬೆಳಗಿಂದ ರಾತ್ರಿವರೆಗೆ ಅಗಿದಿದ್ದಾರೆ. "ನಿನ್ನೆ ಕೇಳಿದಾಗ ಹೇಳಲಿಲ್ಲವಲ್ಲ?" ಅಂದೆ. "ಇದು ಔಷಧಿ ಅಲ್ಲ ಡಾಕ್ಟ್ರೇ, ಬೇರು" ಅಂದರು!

ಜ್ಯೇಷ್ಠಮಧು ಒಳ್ಳೆಯದೇ. ಗಂಟಲು ಕೆಟ್ಟಾಗ ಒಂದೆರಡು ದಿನ ಅಗಿದರೆ ನಾನೇನೂ ಬೇಡ ಅನ್ನುವುದಿಲ್ಲ. ಆದರೆ ದಿನಾ ಜಾಸ್ತಿ ತಿಂದರೆ ಅದು ಮೈಯಲ್ಲಿ ಉಪ್ಪು ನಿಲ್ಲಿಸಿಕೊಂಡು ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ. ಬಿಪಿ ಏರುತ್ತದೆ. ಆಮೇಲೆ ಡಿಜಾಕ್ಸಿನ್ ತನ್ನ ಆಟ ತೋರಿಸುತ್ತದೆ.

ಇನ್ನೊಂದು ಕೇಳಿ. ಆ ಕೆಮ್ಮು ಬಂದದ್ದು ಎಲ್ಲಿಂದ? ರಾಮಿಪ್ರಿಲ್ ಮಾತ್ರೆಯಿಂದ. ಕೆಲವರಿಗೆ ಅದು ಒಣಕೆಮ್ಮು ತರುತ್ತದೆ. ಕೆಮ್ಮು ಅಂತ ಒಂದು ಮಾತು ನಮಗೆ ಹೇಳಿದ್ದರೆ ಮಾತ್ರೆ ಬದಲಿಸುತ್ತಿದ್ದೆವು. ಹೇಳಲಿಲ್ಲ ಯಾಕೆಂದರೆ ಹಿಂದೆ ಯಾರೋ ಡಾಕ್ಟರು "ಈ ನಾಟಿ ಮದ್ದೆಲ್ಲ ಬಿಸಾಕಿ" ಅಂತ ಬೈದಿದ್ದರಂತೆ. ಬೈದರೆ ಯಾರು ಹೇಳುತ್ತಾರೆ? ಈ ಕಾರ್ಯಕ್ರಮ ಕೇಳುತ್ತಿರುವ ಕಿರಿಯ ಡಾಕ್ಟರುಗಳೇ, ಇದು ನಿಮಗೂ ಹೇಳಿದ್ದು. ಆ ಅಮ್ಮನಿಗೆ ಡಿಜಾಕ್ಸಿನ್ ನಿಲ್ಲಿಸಿದೆವು, ಪೊಟ್ಯಾಸಿಯಂ ಕೊಟ್ಟೆವು, ರಾಮಿಪ್ರಿಲ್ ಬದಲು ಬೇರೆ ಮಾತ್ರೆ ಹಾಕಿದೆವು. ಕೆಮ್ಮೂ ಹೋಯಿತು, ಬೇರೂ ಬೇಡವಾಯಿತು. ನಡೆದುಕೊಂಡೇ ಮನೆಗೆ ಹೋದರು.

ಗಿಡಮೂಲಿಕೆ ಅಂದರೆ ಸೈಡ್ ಎಫೆಕ್ಟ್ ಇಲ್ಲ ಅನ್ನುತ್ತೀರಲ್ಲ, ಡಿಜಾಕ್ಸಿನ್ ಬಂದದ್ದೂ ಗಿಡದಿಂದಲೇ ಸ್ವಾಮಿ! ಫಾಕ್ಸ್‌ಗ್ಲೋವ್ ಅಂತ ಒಂದು ಹೂಗಿಡ. ಇಂಗ್ಲೆಂಡಿನ ಒಬ್ಬ ಅಜ್ಜಿ ಮೈ ಊದಿಕೊಂಡವರಿಗೆ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು ಸೇರಿಸಿ ಮದ್ದು ಕೊಡುತ್ತಿದ್ದಳು. ವಿಲಿಯಂ ವಿದರಿಂಗ್ ಅನ್ನುವ ವೈದ್ಯರು ಅದರಲ್ಲಿ ಕೆಲಸ ಮಾಡುವುದು ಇದೊಂದೇ ಅಂತ ಗುರುತಿಸಿದರು. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಅಂತ ನೋಡಿ ನೋಡಿ ಹತ್ತು ವರ್ಷ ಕಳೆದು 1785ರಲ್ಲಿ ಬರೆದರು. ಅಜ್ಜಿಯನ್ನು ಬೈಯಲಿಲ್ಲ, ನೋಡಿ.

ಸಮಯ ಓಡುತ್ತಿದೆ, ಟೆಸ್ಟುಗಳಿಗೆ ಬರುತ್ತೇನೆ. ಡಿಜಾಕ್ಸಿನ್ ತಗೊಳ್ಳುವವರು ಹೇಳದೆ, ನಡೆಸಿ ಇಸಿಜಿ ನೋಡುವ ಟ್ರೆಡ್‌ಮಿಲ್ ಟೆಸ್ಟಿಗೆ ಹತ್ತಿದರೆ, ರಕ್ತನಾಳದಲ್ಲಿ ಬ್ಲಾಕ್ ಇಲ್ಲದಿದ್ದರೂ ಇರುವ ಹಾಗೆ ಬರಬಹುದು. ಬಡಿತ ಇಳಿಸುವ ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಂಡಿದ್ದರೆ ಬಡಿತ ಏರಬೇಕಾದಷ್ಟು ಏರುವುದೇ ಇಲ್ಲ, ಟೆಸ್ಟ್ ಅರ್ಧಂಬರ್ಧ. ಕೂದಲು ಉದುರದಿರಲಿ ಅಂತ ಬಯೋಟಿನ್ ಮಾತ್ರೆ ನುಂಗುತ್ತೀರಲ್ಲ, ಅದು ಕೆಲವು ಲ್ಯಾಬುಗಳಲ್ಲಿ ಹೃದಯಾಘಾತ ಹಿಡಿಯುವ ಟ್ರೋಪೋನಿನ್ ಟೆಸ್ಟನ್ನೇ ದಾರಿ ತಪ್ಪಿಸುತ್ತದೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕೂದಲಿನ ಮಾತ್ರೆಗೂ ಹೃದಯಕ್ಕೂ ಏನು ಸಂಬಂಧ ಅಂತ ಅದನ್ನು ಯಾರೂ ಹೇಳುವುದೇ ಇಲ್ಲ. ಹೃದಯದ ವಾಲ್ವ್ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಮಾತ್ರೆ ತಗೊಳ್ಳುವವರು ಒಂದು ವಾರ ಸೊಪ್ಪು ಬಿಟ್ಟು ಮುಂದಿನ ವಾರ ದಿನಾ ಪಾಲಕ್, ನುಗ್ಗೆಸೊಪ್ಪು ತಿಂದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ, ಏರುಪೇರಾಗುತ್ತದೆ. ಸೊಪ್ಪು ತಿನ್ನಿ, ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ಶುರು ಮಾಡುವ ಮೊದಲು ಕೇಳಿ, ರಕ್ತಸ್ರಾವ ಜಾಸ್ತಿ ಆಗಬಹುದು. ಒಗ್ಗರಣೆಯ ಬೆಳ್ಳುಳ್ಳಿಗೆ ನನ್ನ ತಕರಾರಿಲ್ಲ.

ಯೋಗದ ಬಗ್ಗೆ ಹೇಳದೆ ಹೋದರೆ ನೀವು ಬಿಡುವುದಿಲ್ಲ. ನಮ್ಮ ದೇಶದಲ್ಲೇ 24 ಆಸ್ಪತ್ರೆಗಳಲ್ಲಿ, ಹೃದಯಾಘಾತ ಆಗಿದ್ದ ಸುಮಾರು 4,000 ಜನರನ್ನು ಸೇರಿಸಿ ಯೋಗ-ಕೇರ್ ಅನ್ನುವ ಅಧ್ಯಯನ ನಡೆಯಿತು. 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರಿಗೆ ಆರೋಗ್ಯ ಸುಧಾರಿಸಿದೆ ಅನ್ನಿಸಿತು, ಹಿಂದಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು. ಮತ್ತೆ ಹೃದಯಾಘಾತ ಆಗುವುದು ಕಡಿಮೆಯಾಯಿತು ಅಂತ ಮಾತ್ರ ಖಚಿತವಾಗಿ ತೋರಲಿಲ್ಲ. ಯೋಗ ಮಾಡಿದವರೂ ಮಾತ್ರೆ ಬಿಟ್ಟಿರಲಿಲ್ಲ. ಹಾಗಾಗಿ ಪ್ರಾಣಾಯಾಮ ಮಾಡಿ, ಮಾತ್ರೆಯನ್ನೂ ನುಂಗಿ. ಮಾಡುತ್ತಿದ್ದೀರಿ ಅಂತ ನಮಗೂ ಹೇಳಿ.

ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಡಬ್ಬಿ, ಬಾಟಲಿ, ಪೊಟ್ಟಣ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಬನ್ನಿ. ಹೆಸರು ನೆನಪಿಟ್ಟುಕೊಳ್ಳುವ ಕಷ್ಟವೇ ಬೇಡ. ಆಯುರ್ವೇದದ ವೈದ್ಯರ ಹತ್ತಿರ ಹೋಗುವಾಗಲೂ ಅದೇ ಕವರ್ ತಗೊಂಡು ಹೋಗಿ.

ಇಷ್ಟೆಲ್ಲ ಪುರುಸೊತ್ತಿದ್ದಾಗಿನ ಮಾತು. ಎದೆಯಲ್ಲಿ ಒತ್ತಿದ ಹಾಗೆ ನೋವು, ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಬಂದರೆ ಗ್ಯಾಸ್ ಅಂತ ಜೀರಿಗೆ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಯಲ್ಲೂ ಇಸಿಜಿ ತೆಗೆಯುತ್ತಾರೆ. ಹೋಗುವಾಗ ಆ ಕವರನ್ನು ಮರೆಯಬೇಡಿ. ನಮಸ್ಕಾರ.